ಬಾಡಿಗೆ ಮನೆಯ ತೇವಕ್ಕೆ ಡಿಹ್ಯುಮಿಡಿಫೈಯರ್: ಮೊದಲು ಮೀಟರ್, ಆಮೇಲೆ ಮೆಷಿನ್

ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆ, ಬೀರು ತೆಗೆದರೆ ಮುಗ್ಗು ವಾಸನೆ, ಮಲಗಿದ ಮೇಲೆ ಬಿಡದ ಕೆಮ್ಮು. ಸ್ವಂತ ಮನೆಯಾದರೆ ಗೋಡೆ ಕೆತ್ತಿಸಿ ಪೈಪ್ ಬದಲಿಸಬಹುದು. ಬಾಡಿಗೆಗೆ ಇರುವವರಿಗೆ ಮೊಳೆ ಹೊಡೆಯಲೂ ಓನರ್ ಒಪ್ಪಿಗೆ ಬೇಕು. ಹಾಗಾಗಿ ಅವರ ಕೈಗೆ ಸಿಗುವುದು ಅಂಗಡಿಯಲ್ಲಿ ಮಾರುವ ಸಾಮಾನು ಮಾತ್ರ: ತೇವಾಂಶ ಮೀಟರ್, ಕೋಣೆಯ ಗಾಳಿಯಿಂದ ತೇವ ತೆಗೆಯುವ ಯಂತ್ರವಾದ ಡಿಹ್ಯುಮಿಡಿಫೈಯರ್, ತೇವ ಹೀರುವ ಡಬ್ಬಿ, ಬೂಷ್ಟು ತೆಗೆಯುವ ಸ್ಪ್ರೇ. ಈ ವಿಮರ್ಶೆ ಅವುಗಳ ಬಗ್ಗೆ. ಬ್ರ್ಯಾಂಡ್‌ಗಳ ಹೆಸರು ಎತ್ತುತ್ತಿಲ್ಲ. ಒಂದೇ ಬಗೆಯ ಎರಡು ಮೆಷಿನ್‌ಗಳ ನಡುವೆ ಇರುವ ವ್ಯತ್ಯಾಸ ಚಿಕ್ಕದು, ಒಂದು ಬಗೆಗೂ ಇನ್ನೊಂದಕ್ಕೂ ಇರುವುದು ಬಹಳ ದೊಡ್ಡದು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇವುಗಳಲ್ಲಿ ಎಲ್ಲರೂ ಕೊಳ್ಳಬೇಕಾದದ್ದು ಅತಿ ಅಗ್ಗದ ಮೀಟರ್ ಒಂದೇ. ಕಂಪ್ರೆಸರ್ ಇರುವ ಡಿಹ್ಯುಮಿಡಿಫೈಯರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಗೋಡೆಯೊಳಗೆ ನೀರು ಸೋರುತ್ತಿದ್ದರೆ ಅದರಿಂದ ಕರೆಂಟ್ ಬಿಲ್ ಏರುವುದಷ್ಟೇ. ಕೈಯಳತೆಯ ಪುಟ್ಟ ಮೆಷಿನ್‌ಗಳನ್ನು ಕೋಣೆಗೆಂದು ಕೊಳ್ಳಲೇಬೇಡಿ.

ತೇವ ಇಷ್ಟು ಮುಖ್ಯವಾಗಲು ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿತು. ತೇವದ ಮನೆಯಲ್ಲಿರುವವರಿಗೆ ಆಸ್ತಮಾ, ಉಬ್ಬಸ, ಕೆಮ್ಮು, ಉಸಿರಾಟದ ಸೋಂಕು ಹೆಚ್ಚು ಎಂಬುದು ಅದರ ಸಾರ. ಎಷ್ಟು ಬೂಷ್ಟಿದ್ದರೆ ಸುರಕ್ಷಿತ ಎಂಬ ಮಿತಿಯನ್ನು ಅದು ಕೊಡಲಿಲ್ಲ. ತೇವವನ್ನೇ ತಡೆಯಿರಿ ಎಂದಿತು. ಹಾಸಿಗೆಯಲ್ಲಿ ಸೇರುವ ಧೂಳಿನ ನುಸಿಗೂ ತೇವ ಬೇಕು. ತೇವಾಂಶ ಶೇ. 50ಕ್ಕಿಂತ ಕೆಳಗೆ ನಿಂತರೆ ಅವು ಬಾಳುವುದು ಕಷ್ಟ. ಹಸುಗೂಸು, ವಯಸ್ಸಾದವರು, ಮೊದಲೇ ಆಸ್ತಮಾ ಇರುವವರು ಮನೆಯಲ್ಲಿದ್ದರೆ ಇದನ್ನು ಬಣ್ಣ ಕೆಟ್ಟಿತೆಂಬ ದೂರಿನಂತೆ ನೋಡಬಾರದು. ಇನ್ನೊಂದು ಬಾಧೆ ಯಾವ ಯಂತ್ರಕ್ಕೂ ಕಾಣುವುದಿಲ್ಲ: ದೂರು ಹೇಳಿದರೆ ಮನೆ ಬಿಡಿ ಅಂದಾರೆಂಬ ಭಯ, ನೆಂಟರನ್ನು ಒಳಕೋಣೆಗೆ ಕರೆಯಲು ಸಂಕೋಚ, ‘ನೀವು ಕಿಟಕಿ ತೆಗೆಯಲ್ಲ, ಅದಕ್ಕೇ ಹೀಗೆ’ ಎಂಬ ಮಾತು. ಮೀಟರ್ ನೆರವಿಗೆ ಬರುವುದು ಈ ಕೊನೆಯ ಮಾತಿಗೆ ಉತ್ತರ ಕೊಡುವಾಗ.

ತೇವಾಂಶ ಮೀಟರ್

ಡಿಜಿಟಲ್ ಹೈಗ್ರೋಮೀಟರ್ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಬಟನ್ ಸೆಲ್‌ನಲ್ಲಿ ಓಡುತ್ತದೆ, ಉಷ್ಣತೆಯನ್ನೂ ಶೇಕಡಾ ತೇವಾಂಶವನ್ನೂ ತೋರಿಸುತ್ತದೆ. ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಈಗ ಇದೆ ಎಂಬುದೇ ಈ ಶೇಕಡಾ. ಗಾಳಿ ತಣ್ಣಗಾದಷ್ಟೂ ಹಿಡಿಯುವುದು ಕಡಿಮೆ, ಆದ್ದರಿಂದ ಶೇಕಡಾ ಏರುತ್ತದೆ. ಮುಳ್ಳಿನ ಮೀಟರ್ ನೋಡಲು ಚೆಂದ, ನಂಬಿಕೆಗೆ ಅರ್ಹವಲ್ಲ. ಅಗ್ಗದ ಡಿಜಿಟಲ್ ಮೀಟರ್‌ಗಳಲ್ಲೂ ಐದು ಅಂಕದಷ್ಟು ಏರುಪೇರು ಮಾಮೂಲು, ಆದ್ದರಿಂದ ಕೊಂಡ ದಿನವೇ ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನಂತಾಗುವಷ್ಟೇ ನೀರನ್ನು ಹನಿ ಹನಿಯಾಗಿ ಹಾಕಿ. ಉಪ್ಪು ಕರಗಿ ನೀರಾದರೆ ಲೆಕ್ಕ ಕೆಡುತ್ತದೆ. ಮುಚ್ಚಳವನ್ನೂ ಮೀಟರನ್ನೂ ಜಿಪ್ ಚೀಲದಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿ, ನೆರಳಿನಲ್ಲಿ 8ರಿಂದ 12 ಗಂಟೆ ಬಿಡಿ. ಉಪ್ಪು ಮೀಟರ್‌ಗೆ ತಾಗಬಾರದು. ಒಳಗಿನ ತೇವಾಂಶ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 71 ತೋರಿಸಿದರೆ ಅದು 4 ಕಡಿಮೆ ಹೇಳುತ್ತಿದೆ ಎಂದರ್ಥ. ಹಿಂಬದಿಗೆ ‘+4’ ಎಂದು ಬರೆದು ಅಂಟಿಸಿ. ವರ್ಷಕ್ಕೊಮ್ಮೆ ಇದನ್ನೇ ಮತ್ತೆ ಮಾಡಿದರೆ ಸಾಕು. ವ್ಯತ್ಯಾಸ ಹತ್ತು ಅಂಕ ಮೀರಿದ್ದರೆ ಅಂಗಡಿಗೆ ವಾಪಸ್ ಕೊಡಿ.

ಒಂದಲ್ಲ, ಎರಡು ಕೊಳ್ಳಿ. ಒಂದು ಮಲಗುವ ಕೋಣೆಯ ನಡುವೆ, ಎದೆ ಮಟ್ಟದಲ್ಲಿ, ಕಿಟಕಿಯಿಂದಲೂ ಬಿಸಿಲಿನಿಂದಲೂ ದೂರ ಇರಲಿ. ಇನ್ನೊಂದನ್ನು ಸಂಶಯವಿರುವ ಜಾಗದಲ್ಲಿಡಿ: ಬೀರುವಿನ ಹಿಂದೆ, ಮಂಚದ ಕೆಳಗೆ. ಜಾಗ ಬದಲಿಸಿದ ಮೇಲೆ ಅರ್ಧ ಗಂಟೆ ಬಿಟ್ಟು ಓದಿ.

ಕೋಣೆ ಮಧ್ಯದ ಅಂಕಿಯೊಂದನ್ನೇ ನಂಬಿದರೆ ಯಾಕೆ ಮೋಸ ಹೋಗುತ್ತೀರಿ ಎನ್ನುವುದಕ್ಕೆ ಒಂದು ಲೆಕ್ಕ. ಕೋಣೆಯ ಗಾಳಿ 24 ಡಿಗ್ರಿ, ತೇವಾಂಶ ಶೇ. 65. ಪರವಾಗಿಲ್ಲ ಅನ್ನಿಸುತ್ತದೆ. ಬೀರುವಿನ ಹಿಂದಿನ ಹೊರಗೋಡೆ ತಣ್ಣಗಿದ್ದು 20 ಡಿಗ್ರಿ ಇದ್ದರೆ, ಅದೇ ಗಾಳಿ ಗೋಡೆಗೆ ತಾಗುವಲ್ಲಿ ತೇವಾಂಶ ಶೇ. 83 ಆಗುತ್ತದೆ. ಗೋಡೆಯ ಮೇಲ್ಮೈಯಲ್ಲಿ ಶೇ. 80ಕ್ಕಿಂತ ಹೆಚ್ಚು ತೇವಾಂಶ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಅಷ್ಟೇ ಸಾಕು, ನೀರು ಹನಿಯಬೇಕೆಂದೇನೂ ಇಲ್ಲ. ಬೀರುವನ್ನು ಗೋಡೆಯಿಂದ 8–10 ಸೆಂ.ಮೀ. ಈಚೆಗೆ ಎಳೆದು ಗಾಳಿಯಾಡಲು ಬಿಟ್ಟರೆ ಎಷ್ಟೋ ಮೂಲೆಗಳು ತಾವೇ ಸರಿಹೋಗುವುದು ಇದೇ ಕಾರಣಕ್ಕೆ. ಖರ್ಚಿಲ್ಲದ ಈ ಉಪಾಯವನ್ನು ಯಾವ ಜಾಹೀರಾತೂ ಹೇಳಿಕೊಡುವುದಿಲ್ಲ.

ಕೋಣೆಯಲ್ಲಿ ಶೇ. 40ರಿಂದ 60ರ ಒಳಗಿರಲಿ. ಮಳೆಗಾಲದಲ್ಲಿ ಒಂದೆರಡು ದಿನ 70 ದಾಟಿದರೆ ಗಾಬರಿ ಬೇಡ. ವಾರಗಟ್ಟಲೆ ಇಳಿಯದಿದ್ದರೆ ಯೋಚಿಸಬೇಕು.

ತೇವ ಯಾರದು?

ಮೆಷಿನ್‌ಗೆ ದುಡ್ಡು ಸುರಿಯುವ ಮುನ್ನ ನಡೆಯಬೇಕಾದ ವಿಚಾರಣೆ ಇದು. ಹೊರಗಿನ ಗಾಳಿ ತರುವ ತೇವ ಬಿಟ್ಟರೆ ಮನೆಯ ತೇವಕ್ಕೆ ಎರಡೇ ಮೂಲ. ಒಂದು ನಮ್ಮ ಬದುಕಿನ ತೇವ: ಉಸಿರು, ಸ್ನಾನ, ಅಡುಗೆ, ಒಳಗೆ ಒಣಹಾಕಿದ ಬಟ್ಟೆ. ಮಲಗಿರುವ ಒಬ್ಬರು ಗಂಟೆಗೆ ಸುಮಾರು 40 ಗ್ರಾಂ ನೀರಾವಿ ಬಿಡುತ್ತಾರೆ. ಒಂದು ಮೆಷಿನ್ ಬಟ್ಟೆ ಒಳಗೆ ಒಣಗಿದರೆ ಸುಮಾರು ಎರಡು ಲೀಟರ್ ನೀರು ಗಾಳಿಗೆ ಸೇರುತ್ತದೆ. ಇನ್ನೊಂದು ಕಟ್ಟಡದ ತೇವ: ಪೈಪ್ ಸೋರಿಕೆ, ತಾರಸಿಯ ಬಿರುಕು, ಬಚ್ಚಲಿನ ಟೈಲ್ಸ್ ಸಂದು, ನೆಲದಿಂದ ಗೋಡೆಗೆ ಏರುವ ನೀರು. ಮೊದಲನೆಯದನ್ನು ಬಾಡಿಗೆದಾರರು ನಿಭಾಯಿಸಬಹುದು. ಎರಡನೆಯದು ಓನರ್ ಕೆಲಸ.

ಪತ್ತೆಗೆ ಫಾಯಿಲ್ ಪರೀಕ್ಷೆ ಮಾಡಿ. ಒಂದು ಅಡಿ ಚದರದ ಅಲ್ಯೂಮಿನಿಯಂ ಫಾಯಿಲ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಿಡಿದು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಒಂದಿಷ್ಟೂ ಸಂದಿ ಬಿಡಬಾರದು. ಒಂದೆರಡು ದಿನ ಬಿಟ್ಟು ನೋಡಿ. ಕೋಣೆಯ ಕಡೆಗಿನ ಮೈ ಬೆವೆತಿದ್ದರೆ ನೀರು ಕೋಣೆಯ ಗಾಳಿಯದು. ಗೋಡೆಯ ಕಡೆಗಿನ ಮೈ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿನದು. ಎರಡೂ ಒದ್ದೆಯಾಗಿದ್ದರೆ ಎರಡೂ ಮೂಲ ಇವೆ. ಹಳೇ ಮನೆಗಳಲ್ಲಿ ಇದೇನೂ ಅಪರೂಪವಲ್ಲ.

ಕಲೆಯ ಆಕಾರವೂ ಮಾತಾಡುತ್ತದೆ. ನೆಲದಿಂದ ಮೊದಲಾಗಿ ಹೆಚ್ಚೆಂದರೆ ಸುಮಾರು ಒಂದು ಮೀಟರ್ ಎತ್ತರದವರೆಗೆ ಅಡ್ಡಪಟ್ಟಿಯಂತೆ ಹರಡಿ, ಮೇಲಂಚಿಗೆ ಬಿಳಿ ಉಪ್ಪು ಕೂತಿದ್ದರೆ ಅದು ನೆಲದಿಂದ ಏರಿದ ನೀರು. ದುಂಡಗೆ ಕಂದು ಅಂಚು ಬಿಟ್ಟು ಬೆಳೆಯುವ ಕಲೆ ಸೋರಿಕೆಯದು. ಆ ಗೋಡೆಯ ಇನ್ನೊಂದು ಪಕ್ಕ ಬಚ್ಚಲಿದೆಯೇ ನೋಡಿ. ಹೊರಗೋಡೆಯ ಮೂಲೆ, ಕಿಟಕಿಯ ಸುತ್ತ, ಬೀರುವಿನ ಬೆನ್ನಿನಲ್ಲಿ ಮೆಣಸು ಚೆಲ್ಲಿದಂತೆ ಕಪ್ಪು ಚುಕ್ಕೆ ಎದ್ದು, ಅದಕ್ಕೆ ಅಂಚಿನ ಕಲೆ ಇಲ್ಲದಿದ್ದರೆ ಬಹುತೇಕ ಗಾಳಿಯ ತೇವವೇ. ಕಲೆಯ ಅಂಚಿನ ಗುಂಟ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಮಳೆ ಬಂದ ಮರುದಿನ ಕಲೆ ಗೆರೆ ದಾಟಿತೆಂದರೆ ಹೊರಗಿನ ನೀರು ಬರುತ್ತಿದೆ. ಮಳೆಯಿಲ್ಲದೆಯೂ ದಾಟುತ್ತಿದ್ದರೆ ಪೈಪ್. ಟ್ಯಾಂಕ್ ತುಂಬುತ್ತಿಲ್ಲದಾಗ ಎಲ್ಲ ನಲ್ಲಿ ಮುಚ್ಚಿ ಒಂದು ಗಂಟೆ ನೀರಿನ ಮೀಟರ್ ಗಮನಿಸಿ, ಚಕ್ರ ತಿರುಗುತ್ತಿದ್ದರೆ ಒತ್ತಡದ ಪೈಪೇ ಸೋರುತ್ತಿದೆ. ತಿರುಗದಿದ್ದರೆ ಪೈಪ್ ಸರಿಯಿದೆ ಎಂದುಕೊಳ್ಳಬೇಡಿ, ಬಚ್ಚಲಿನ ಹೊರಹೋಗುವ ಪೈಪಿನ ಸೋರಿಕೆ ಮೀಟರ್‌ಗೆ ಗೊತ್ತಾಗದು.

ಎರಡು ಮೊನೆ ಚುಚ್ಚಿ ಓದುವ ಗೋಡೆ ಮೀಟರ್‌ಗಳೂ ಸಿಗುತ್ತವೆ. ಅವುಗಳ ಅಂಕಿ ಮರಕ್ಕೆಂದು ಹೊಂದಿಸಿದ್ದು. ಗಾರೆಯ ಮೇಲೆ ಒಣ ಜಾಗಕ್ಕೂ ಒದ್ದೆ ಜಾಗಕ್ಕೂ ಹೋಲಿಸಲು ಮಾತ್ರ ಉಪಯೋಗ, ಅದೂ ಉಪ್ಪು ಕೂತ ಗೋಡೆಯಲ್ಲಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಬಾಡಿಗೆದಾರರಿಗೆ ಬೇಕಿಲ್ಲ.

ಪುಟ್ಟ ಮೆಷಿನ್‌ಗಳು

ಸದ್ದಿಲ್ಲದ, ಮುದ್ದಾದ, ಬಣ್ಣದ ದೀಪದ ಪೆಟ್ಟಿಗೆಗಳಿವು. ಒಳಗೆ ಕಂಪ್ರೆಸರ್ ಇಲ್ಲ, ಕರೆಂಟ್ ಹರಿದಾಗ ಒಂದು ಮೈ ತಣ್ಣಗಾಗುವ ಪೆಲ್ಟಿಯರ್ ಬಿಲ್ಲೆ ಮಾತ್ರ. ದಿನಕ್ಕೆ 300 ಮಿ.ಲೀ. ಎಂದು ಡಬ್ಬಿಯ ಮೇಲೆ ಇರುತ್ತದೆ, ಅದೂ 30 ಡಿಗ್ರಿ, ಶೇ. 80 ತೇವಾಂಶದ ಗಾಳಿಯಲ್ಲಿ. ಒಬ್ಬರು ಎಂಟು ಗಂಟೆ ಮಲಗಿದರೆ ಬಿಡುವ ನೀರಾವಿಯೇ ಸುಮಾರು 320 ಗ್ರಾಂ. ದಿನವಿಡೀ ಓಡಿದರೂ ಒಬ್ಬರ ನಿದ್ದೆಯ ಉಸಿರಿಗೆ ಅದು ಸಮ ಬರುವುದಿಲ್ಲ. ತೊಟ್ಟಿಯಲ್ಲಿ ನೀರು ಕಾಣುತ್ತದೆ, ಅದನ್ನು ನೋಡಿ ಖುಷಿಪಟ್ಟು ಐದು ಸ್ಟಾರ್ ಕೊಟ್ಟವರು ಪಕ್ಕದಲ್ಲಿ ಮೀಟರ್ ಇಟ್ಟು ನೋಡಿರುವುದಿಲ್ಲ. ಮುಚ್ಚಿದ ಬೀರುವಿನೊಳಗೆ, ಷೂ ಕಪಾಟಿನಲ್ಲಿ ಆದೀತು.

ಕಂಪ್ರೆಸರ್ ಮೆಷಿನ್

ಇದು ಫ್ರಿಜ್ಜಿನ ತತ್ವದ ನಿಜವಾದ ಯಂತ್ರ. ತಣ್ಣನೆಯ ಕಾಯಿಲ್ ಮೇಲೆ ಗಾಳಿ ಹಾಯಿಸಿ, ನೀರಾಗಿಸಿ, ತೊಟ್ಟಿಗೆ ಇಳಿಸುತ್ತದೆ. ಮನೆಗೆ ದಿನಕ್ಕೆ 10–12 ಲೀಟರ್ ನೀರು ತೆಗೆಯುವ ಬಗೆ ಸಾಕು, ಸುಮಾರು 200 ವಾಟ್ ಎಳೆಯುತ್ತದೆ. ದಿನಕ್ಕೆ ಹತ್ತು ಗಂಟೆ ಓಡಿದರೆ ಎರಡು ಯೂನಿಟ್. ‘ದಿನಕ್ಕೆ 12 ಲೀಟರ್’ ಎಂಬುದೂ 30 ಡಿಗ್ರಿ, ಶೇ. 80ರ ಲೆಕ್ಕವೇ. ಗಾಳಿ 27 ಡಿಗ್ರಿ, ಶೇ. 60ಕ್ಕೆ ಬಂದಾಗ ಅದರ ಅರ್ಧದ ಆಸುಪಾಸು ಸಿಕ್ಕರೆ ಮೆಷಿನ್ ಸರಿಯಿದೆ. ನೀರು ಕಡಿಮೆ ಬಂತೆಂದು ಸರ್ವಿಸ್‌ನವರನ್ನು ಕರೆಸುವ ಮೊದಲು ಮೀಟರ್ ನೋಡಿ, ತೆಗೆಯಲು ತೇವವೇ ಉಳಿದಿಲ್ಲದಿರಬಹುದು. ಕೋಣೆ 15 ಡಿಗ್ರಿಗಿಂತ ತಣ್ಣಗಿದ್ದರೆ ಕಾಯಿಲ್ ಮೇಲೆ ಹಿಮ ಕಟ್ಟಿ ಕೆಲಸ ಕುಂಠಿತವಾಗುತ್ತದೆ. ಅಂಥ ಚಳಿಯ ಊರಿಗೆ ತೇವ ಹೀರುವ ಚಕ್ರವಿರುವ ಡೆಸಿಕೆಂಟ್ ಬಗೆ ಸರಿ, ಕರೆಂಟ್ ಮಾತ್ರ ಹೆಚ್ಚು ತಿನ್ನುತ್ತದೆ.

ಕಿಟಕಿ ಮುಚ್ಚಿರಬೇಕೇ ಎಂಬುದು ಎಲ್ಲರ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. 3 ಮೀಟರ್‌ಗೆ 4 ಮೀಟರ್ ಕೋಣೆ, ಎತ್ತರ 3 ಮೀಟರ್, ಒಟ್ಟು 36 ಘನ ಮೀಟರ್ ಗಾಳಿ. 28 ಡಿಗ್ರಿಯಲ್ಲಿ ಶೇ. 80ರಿಂದ 55ಕ್ಕೆ ಇಳಿಸಲು ಆ ಗಾಳಿಯಿಂದ ತೆಗೆಯಬೇಕಾದ ನೀರು ಕೇವಲ ಕಾಲು ಲೀಟರ್. ಹಾಗಾದರೆ ಮೆಷಿನ್ ದಿನವೂ ಲೀಟರ್‌ಗಟ್ಟಲೆ ಯಾಕೆ ತೆಗೆಯುತ್ತದೆ? ಮುಚ್ಚಿದ ಕೋಣೆಗೂ ಸಂದಿಗಳಿಂದ ಗಂಟೆಗೆ ಅರ್ಧದಷ್ಟು ಹೊಸ ಗಾಳಿ ಬಂತೆಂದುಕೊಳ್ಳಿ, ಹೊರಗೂ 28 ಡಿಗ್ರಿ, ಶೇ. 80 ಇದ್ದರೆ ದಿನಕ್ಕೆ ಸುಮಾರು 3 ಲೀಟರ್ ಹೊಸ ತೇವ ಬಂತು. ಕಿಟಕಿ ತೆರೆದು ಗಂಟೆಗೆ ಐದು ಸಲ ಗಾಳಿ ಬದಲಾದರೆ ಅದು 29 ಲೀಟರ್! ಹೊರಗೆ ಮಳೆ ಹಿಡಿದಿದ್ದಾಗ ಕಿಟಕಿ ತೆಗೆದು ಮೆಷಿನ್ ಓಡಿಸುವುದು ಬೀದಿಯನ್ನು ಒಣಗಿಸಲು ಹೊರಟಂತೆ. ಬಾಗಿಲ ಕೆಳಗಿನ ಸಂದಿಗೂ ಬಟ್ಟೆ ಸಿಕ್ಕಿಸಿ.

ಒಂದು ಎಚ್ಚರಿಕೆ, ಇದರಲ್ಲಿ ರಿಯಾಯಿತಿ ಇಲ್ಲ. ಗ್ಯಾಸ್ ಗೀಸರ್, ಒಲೆ, ಇದ್ದಿಲು, ಏನೇ ಉರಿಯುವ ಜಾಗದಲ್ಲಿ ಗಾಳಿಕಿಂಡಿ ಮುಚ್ಚಬೇಡಿ. ಉರಿಯುವಾಗ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಬಚ್ಚಲಿನ ತೇವಕ್ಕೆ ಡಿಹ್ಯುಮಿಡಿಫೈಯರ್ ಬೇಕೂ ಇಲ್ಲ, ಸ್ನಾನವಾದ ಮೇಲೆ 15–20 ನಿಮಿಷ ಎಕ್ಸಾಸ್ಟ್ ಫ್ಯಾನ್ ಓಡಿಸಿ ಬಾಗಿಲು ಮುಚ್ಚಿದರೆ ಮುಗಿಯಿತು.

ಕೊಂಡವರ ದೊಡ್ಡ ದೂರು ಸೆಕೆ, ಮತ್ತು ದೂರು ನ್ಯಾಯವಾದದ್ದೇ. ಆವಿ ನೀರಾಗುವಾಗ ಲೀಟರ್‌ಗೆ 0.68 ಯೂನಿಟ್‌ನಷ್ಟು ಶಾಖ ಬಿಡುತ್ತದೆ, ಮೆಷಿನ್ ತಿಂದ ಕರೆಂಟ್ ಕೂಡ ಶಾಖವಾಗುತ್ತದೆ. ಗಂಟೆಗೆ ಕಾಲು ಲೀಟರ್ ತೆಗೆಯುವ 200 ವಾಟಿನ ಮೆಷಿನ್ ಕೋಣೆಗೆ ಸುಮಾರು 370 ವಾಟಿನ ಹೀಟರ್ ಇದ್ದಂತೆ. ಇದರಿಂದ ಇನ್ನೊಂದು ಭ್ರಮೆ ಹುಟ್ಟುತ್ತದೆ: ಕೋಣೆ 28ರಿಂದ 30 ಡಿಗ್ರಿಗೆ ಕಾದರೆ, ಹನಿ ನೀರು ತೆಗೆಯದಿದ್ದರೂ ಮೀಟರ್ 80ರಿಂದ 71ಕ್ಕೆ ಇಳಿಯುತ್ತದೆ. ಹಾಗಾಗಿ ಶೇಕಡಾ ಒಂದನ್ನೇ ನೋಡದೆ ಡ್ಯೂ ಪಾಯಿಂಟ್ ತೋರಿಸುವ ಮೀಟರ್ ಆರಿಸಿ. ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಬೆವರುತ್ತದೆ ಎಂಬ ಅಂಕಿ ಅದು, ಕೋಣೆ ಕಾದ ಮಾತ್ರಕ್ಕೆ ಬದಲಾಗುವುದಿಲ್ಲ. ಕಿಟಕಿ ಯಾವಾಗ ತೆರೆಯಬೇಕೆಂಬುದಕ್ಕೂ ಅದೇ ಅಳತೆ: ಹೊರಗಿನ ಡ್ಯೂ ಪಾಯಿಂಟ್ ಒಳಗಿನದಕ್ಕಿಂತ ಕಡಿಮೆ ಇದ್ದರೆ ತೆರೆಯಿರಿ. ಯಾರೂ ಇರದ, ಬಟ್ಟೆ ಒಣಹಾಕದ, ಮುಚ್ಚಿದ ಕೋಣೆಯಲ್ಲಿ ಅದು ಹೊರಗಿನದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚೇ ಇರುತ್ತಿದ್ದರೆ ನೀರು ಎಲ್ಲಿಂದಲೋ ಬರುತ್ತಿದೆ. ನಿಮ್ಮ ಉಸಿರಿನ ಮೇಲೆ ತಪ್ಪು ಹೊರಿಸುವ ಓನರ್‌ಗೆ ತೋರಿಸಬೇಕಾದ ಫೋಟೋ ಇದು.

ಸದ್ದು 40ರಿಂದ 50 ಡೆಸಿಬಲ್. ಮಲಗುವ ಕೋಣೆಯೊಳಗೆ ರಾತ್ರಿ 30 ಡೆಸಿಬಲ್ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿತ್ತು. ಕೆಮ್ಮು ತಪ್ಪಿಸಲು ಹೋಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಸಂಜೆಯೊಳಗೆ ಮೂರು ನಾಲ್ಕು ಗಂಟೆ ಓಡಿಸಿ, ಮಲಗುವ ಮುನ್ನ ಆರಿಸಿ. ಎಸಿ ಇರುವ ಮನೆಯಲ್ಲಿ ಇದನ್ನು ಕೊಳ್ಳುವ ಮೊದಲು ಅದರ ಡ್ರೈ ಮೋಡ್ ಪ್ರಯತ್ನಿಸಿ, ಅದು ಶಾಖವನ್ನು ಹೊರಗೆ ಬಿಡುತ್ತದೆ.

ಇಡುವಾಗ ಗೋಡೆಯಿಂದ 20–30 ಸೆಂ.ಮೀ. ಬಿಡಿ. ತೊಟ್ಟಿಯನ್ನು ವಾರಕ್ಕೊಮ್ಮೆ ಸೋಪಿನಲ್ಲಿ ತೊಳೆಯದಿದ್ದರೆ ಒಳಗೆ ಲೋಳೆ ಕಟ್ಟಿ, ಮೆಷಿನ್ನೇ ಮುಗ್ಗು ವಾಸನೆ ಬೀರುತ್ತದೆ. ಫಿಲ್ಟರ್ ಎರಡು ವಾರಕ್ಕೊಮ್ಮೆ. ಆ ನೀರನ್ನು ನೆಲ ಒರೆಸಲು ಬಳಸಿ, ಕುಡಿಯಲು ಬೇಡ. ಉದ್ದದ ಎಕ್ಸ್‌ಟೆನ್ಷನ್ ವೈರಿಗೆ ಹಾಕಬೇಡಿ, ಮನೆಯಲ್ಲಿ ಯಾರೂ ಇಲ್ಲದಾಗ ಓಡಿಸಬೇಡಿ. ಅತಿಯಾಗಿ ಕಾದು ಬೆಂಕಿ ಹೊತ್ತಿಕೊಳ್ಳುವ ಅಪಾಯಕ್ಕಾಗಿ ಅಮೆರಿಕದಲ್ಲಿ 2013ರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಡಿಹ್ಯುಮಿಡಿಫೈಯರ್‌ಗಳನ್ನು ವಾಪಸ್ ಕರೆಸಲಾಗಿತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾಡೆಲ್ ನಂಬರ್ ಹುಡುಕಿ ನೋಡಿಯೇ ಕೊಳ್ಳಿ.

ಡಬ್ಬಿ, ಪೊಟ್ಟಣ, ಸ್ಪ್ರೇ, ಬಣ್ಣ

ಕ್ಯಾಲ್ಸಿಯಂ ಕ್ಲೋರೈಡ್ ಹರಳಿನ ಡಬ್ಬಿ ಮುಚ್ಚಿದ ಕಪಾಟಿಗೆ ಒಳ್ಳೆಯದು, ಕೋಣೆಗೆ ದಂಡ. ಕೆಳಗೆ ಶೇಖರವಾಗುವುದು ಬರೀ ನೀರಲ್ಲ, ಉಪ್ಪಿನ ದ್ರಾವಣ. ಚೆಲ್ಲಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಚರ್ಮದ ವಸ್ತು ಹಾಳು, ಮಕ್ಕಳ ಕೈಗೂ ಸಿಗಬಾರದು. ತೇವ ಹೀರುವ ಸಿಲಿಕಾ ಜೆಲ್ ಹರಳಿನ ಪೊಟ್ಟಣ ಕೊಂಡರೆ ಕಿತ್ತಳೆ ಬಣ್ಣದ್ದನ್ನು ಕೊಳ್ಳಿ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುತ್ತದೆ.

ಬೂಷ್ಟು ಸ್ಪ್ರೇಗಳಲ್ಲಿ ಹೆಚ್ಚಿನವು ಬ್ಲೀಚ್. ಟೈಲ್ಸ್, ಗಾಜಿನ ಮೇಲೆ ಸರಿ. ಬಣ್ಣ ಬಳಿದ ಗಾರೆಯ ಮೇಲೆ ಕಪ್ಪು ಮಾಯವಾಗುತ್ತದೆ, ಬೂಷ್ಟು ಒಳಗೆ ಉಳಿಯುತ್ತದೆ, ಸ್ಪ್ರೇಯ ನೀರು ಗಾರೆಗೆ ಇಳಿಯುತ್ತದೆ. ಆಸಿಡ್ ಕ್ಲೀನರ್ ಅಥವಾ ಅಮೋನಿಯಾ ಇರುವ ಕ್ಲೀನರ್ ಜತೆ ಬ್ಲೀಚ್ ಬೆರೆಸಿದರೆ ವಿಷಾನಿಲ. ಗೋಡೆಗೆ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯೇ ಮೇಲು: ಎನ್95 ಮಾಸ್ಕ್, ಕೈಗವಸು ಹಾಕಿ, ಹೊರಗಿನಿಂದ ಒಳಕ್ಕೆ ಒರೆಸಿ, ಬಟ್ಟೆ ಬಿಸಾಡಿ, ಆ ದಿನವೇ ಒಣಗಿಸಿ. ಒಣ ಬ್ರಷ್‌ನಲ್ಲಿ ಉಜ್ಜಿದರೆ ಬೀಜಕಣಗಳು ಮನೆಯಿಡೀ ಹಾರುತ್ತವೆ. ಹತ್ತು ಚದರ ಅಡಿಗಿಂತ ಹೆಚ್ಚು ಹರಡಿದ್ದರೆ ಮನೆಮಂದಿ ಕೈ ಹಾಕುವುದು ಬೇಡ. ಆಸ್ತಮಾ ಇರುವವರಂತೂ ಚಿಕ್ಕದನ್ನೂ ಮುಟ್ಟಬಾರದು. ಓಝೋನ್ ಬಿಡುವ ಯಂತ್ರಗಳಿಗೆ ಸೊನ್ನೆ ಅಂಕ, ಅದು ಶ್ವಾಸಕೋಶಕ್ಕೇ ಕೇಡು. ಹೆಪಾ ಏರ್ ಪ್ಯೂರಿಫೈಯರ್ ತೇಲುವ ಕಣಗಳನ್ನು ಹಿಡಿಯುತ್ತದೆ, ತೇವವನ್ನು ಮುಟ್ಟುವುದಿಲ್ಲ.

ಇನ್ನು ಓನರ್‌ಗಳ ಮೆಚ್ಚಿನ ಮದ್ದು, ಒಂದು ಕೋಟ್ ಬಣ್ಣ. ಒದ್ದೆ ಗೋಡೆಯ ಮೇಲೆ ಪುಟ್ಟಿ ಎಳೆದು ವಾಟರ್‌ಪ್ರೂಫ್ ಬಣ್ಣ ಬಳಿದರೆ ಒಳಗಿನ ನೀರಿಗೆ ಹೊರಬರಲು ದಾರಿಯಿಲ್ಲದೆ ಗುಳ್ಳೆ ಎದ್ದು ಚಕ್ಕೆ ಬೀಳುತ್ತದೆ, ಇಲ್ಲವೇ ಕಲೆ ಮೇಲಕ್ಕೆ ಹತ್ತುತ್ತದೆ. ಸೋರಿಕೆ ನಿಲ್ಲಿಸಿದ ಮೇಲೂ ಗೋಡೆ ಒಣಗಲು 25 ಮಿ.ಮೀ. ದಪ್ಪಕ್ಕೆ ಒಂದು ತಿಂಗಳು ಎಂಬುದು ಅಂದಾಜು ಲೆಕ್ಕ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಆವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ಬಾಡಿಗೆ ಫ್ಲಾಟಿನ ಬೂಷ್ಟಿನಿಂದಾದ ಉಸಿರಾಟದ ತೊಂದರೆಗೆ ಬಲಿಯಾಯಿತು. 2017ರಲ್ಲೇ ದೂರು ಹೇಳಿದ್ದ ತಂದೆಗೆ ಸಿಕ್ಕಿದ್ದ ಸಲಹೆ, ಮೇಲೆ ಬಣ್ಣ ಬಳಿಯಿರಿ ಎಂಬುದು. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್‌ನಿಂದ ಅಲ್ಲಿನ ಸಾಮಾಜಿಕ ವಸತಿಗಳಿಗೆ, ಅಂದರೆ ಸ್ಥಳೀಯ ಆಡಳಿತ ಮತ್ತು ವಸತಿ ಸಂಘಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ, ಜಾರಿಯಾಗಿದೆ. ತೇವದ ದೂರನ್ನು ಇಂತಿಷ್ಟು ದಿನದೊಳಗೆ ಪರಿಶೀಲಿಸಲೇಬೇಕು.

ಯಾರು ಏನು ಕೊಳ್ಳಬೇಕು? ಫಾಯಿಲ್‌ನ ಕೋಣೆ ಕಡೆ ಬೆವೆತು, ಒಳಗೇ ಬಟ್ಟೆ ಒಣಗಿಸಬೇಕಾದ ಮನೆಗೆ ಕಂಪ್ರೆಸರ್ ಮೆಷಿನ್ ದುಡ್ಡಿಗೆ ತಕ್ಕ ಮಾಲು. ಬಟ್ಟೆ ಸ್ಟ್ಯಾಂಡ್ ಮತ್ತು ಮೆಷಿನ್ ಎರಡನ್ನೂ ಒಂದೇ ಚಿಕ್ಕ ಕೋಣೆಯಲ್ಲಿ ಕೂಡಿ ಹಾಕಿ, ಫ್ಯಾನ್ ಹಚ್ಚಿ. ಗೋಡೆ ಕಡೆ ಒದ್ದೆಯಾಗಿದ್ದರೆ ಮೆಷಿನ್ ಬೇಡ. ಪೆನ್ಸಿಲ್ ಗೆರೆ, ತಾರೀಕು, ಮೀಟರ್ ಅಂಕಿ ಮೂರೂ ಕಾಣುವ ಫೋಟೋಗಳನ್ನು ಬರಹದ ದೂರಿನ ಜತೆ ಓನರ್‌ಗೆ ಕಳಿಸಿ, ಫೋನಿನಲ್ಲಿ ಹೇಳಿ ಬಿಡಬೇಡಿ. ರಿಪೇರಿಯಾಗಿ ಸೋರಿಕೆ ನಿಂತ ಮೇಲೆ ಗೋಡೆ ಬೇಗ ಒಣಗಲು ಎರಡು ತಿಂಗಳ ಮಟ್ಟಿಗೆ ಮೆಷಿನ್ ಬಾಡಿಗೆಗೆ ತರುವುದು ಜಾಣತನ, ಅದರ ಖರ್ಚು ಯಾರದೆಂದು ಮೊದಲೇ ಮಾತಾಡಿಕೊಳ್ಳಿ.

ಮನೆ ಬದಲಿಸುವಾಗ ಮೆಷಿನ್ನಿನ ತೊಟ್ಟಿ ಖಾಲಿ ಮಾಡಿ, ನಿಲ್ಲಿಸಿಯೇ ಸಾಗಿಸಿ. ವಾಲಿಸಿ ತಂದಿದ್ದರೆ ಕೆಲವು ಗಂಟೆ ನೆಟ್ಟಗೆ ಇಟ್ಟು ಆಮೇಲೆ ಸ್ವಿಚ್ ಹಾಕಿ, ಇಲ್ಲವಾದರೆ ಕಂಪ್ರೆಸರ್ ಎಣ್ಣೆ ಪೈಪಿಗೆ ಇಳಿದು ಕೆಡುತ್ತದೆ. ಹೊಸ ಮನೆ ನೋಡಲು ಹೋಗುವಾಗ ಮೀಟರ್ ಜೇಬಿನಲ್ಲಿರಲಿ. ಅಡ್ವಾನ್ಸ್ ಮಾತಾಡುವ ಮುಂಚೆ ಗೋಡೆಗೆ ಕೂರಿಸಿದ ಕಪಾಟಿನೊಳಗೆ ಅದನ್ನಿಟ್ಟು ಬಾಗಿಲು ಮುಚ್ಚಿ, ಅರ್ಧ ಗಂಟೆ ಉಳಿದ ಕೋಣೆಗಳನ್ನು ನೋಡಿ ಬನ್ನಿ. ಕಪಾಟು ಹಾಲಿಗಿಂತ ಹತ್ತು ಅಂಕ ಹೆಚ್ಚು ತೋರಿಸಿದರೆ, ಅದರ ಹಿಂದಿನ ಗೋಡೆಗೆ ಬಣ್ಣ ಹೊಡೆದು ಎಷ್ಟು ದಿನವಾಯಿತೆಂದು ಕೇಳಿ.